ಅವ್ವನದು ಒಂದು ಕೆಲಸ ಬಾಕಿ ಇತ್ತು

ಪಕ್ಕದ ಮನೆಯ ಬಟ್ಟಲು ನಮ್ಮ ಮನೆಯಲ್ಲಿ ಒಂದು ರಾತ್ರಿ ಕೂಡ ಉಳಿಯುತ್ತಿರಲಿಲ್ಲ. ಯಾರಾದರೂ ಸಾರು ಕಳಿಸಿದರೆ ಸಾಕು, ನಾವು ಊಟಕ್ಕೆ ಕೂಡುವ ಮೊದಲೇ ಅವ್ವ ಅದನ್ನು ನಮ್ಮ ಪಾತ್ರೆಗೆ ಸುರುವಿ, ಬಟ್ಟಲು ತೊಳೆದು ಒರೆಸಿ, ನನ್ನ ಕೈಗಿಟ್ಟು "ಕೊಟ್ಟು ಬಾ ಹೋಗು" ಎನ್ನುತ್ತಿದ್ದಳು. ನಾಳೆ ಮುಂಜಾನೆ ಕೊಟ್ಟರೆ ಏನಾಗುತ್ತದೆ ಎಂದು ನಾನು ಮುಖ ಗಂಟು ಹಾಕಿದರೆ ಅವಳ ಉತ್ತರ ಒಂದೇ.

"ಕರ್ತ ಬಂದು ಬಾಗ್ಲಾಗ ನಿಂತಾಗ ಮಂದಿ ಬಟ್ಲ ನನ್ನ ಮನ್ಯಾಗ ಇರಬಾರದು."

ನನಗೆ ಇದು ಅತಿಯಾಯಿತು ಅನ್ನಿಸುತ್ತಿತ್ತು. ಇಡೀ ಲೋಕಕ್ಕೆ ನ್ಯಾಯ ತೀರಿಸಲು ಬರುವ ದೇವರು ಲಿಂಗಸುಗೂರಿನ ನಮ್ಮ ಓಣಿ ಹುಡುಕಿಕೊಂಡು ಬಂದು ಮೊದಲು ಅಡಿಗೆಮನೆ ತಪಾಸಣೆ ಮಾಡುತ್ತಾನೇನು ಎಂದು ಕೇಳಿ ಬೈಸಿಕೊಂಡಿದ್ದೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು, ಬಾಯಿ ಸ್ವಲ್ಪ ಜೋರು. ಅವ್ವನದು ಬಾಯಿಗಿಂತ ಕೈ ಜೋರು. ಅಪ್ಪ ತೀರಿಕೊಂಡ ಮೇಲೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟೇ ನನ್ನನ್ನು ಓದಿಸಿದಳು.

ಅಪ್ಪನ ಮನೆಯವರು ಹುಟ್ಟಿನಿಂದ ಕ್ರೈಸ್ತರು. ಅವ್ವ ಮಸ್ಕಿಯ ಹಿಂದೂ ಮನೆಯ ಮಗಳು, ಮದುವೆಯ ಮೇಲೆ ದೀಕ್ಷಾಸ್ನಾನ ತೆಗೆದುಕೊಂಡವಳು. ಹುಟ್ಟಿನಿಂದ ಬಂದವರಿಗೆ ಇಲ್ಲದ ಕಟ್ಟುನಿಟ್ಟು ಇವಳಿಗೆ ಬಂದುಬಿಟ್ಟಿತ್ತು. ಕರ್ತ ಬರುವ ಗಳಿಗೆ ಯಾವುದು ಎಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಎಲ್ಲ ಗಳಿಗೆಯನ್ನೂ ಅದೇ ಗಳಿಗೆ ಎಂದುಕೊಂಡು ಎಚ್ಚರದಿಂದ ಬದುಕಬೇಕು ಎಂಬುದು ಅವಳ ಲೆಕ್ಕ. ಇಂಥವರ ಜೊತೆ ಒಂದೇ ಸೂರಿನ ಕೆಳಗೆ ಇರುವುದು ಸುಲಭವಲ್ಲ ಎಂದು ಇರುವವರಿಗೇ ಗೊತ್ತು.

ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ಕೊಡುತ್ತಾರೆ. ಆ ರೊಟ್ಟಿಯ ಚೂರು, ಆ ಪಾತ್ರೆಯ ದ್ರಾಕ್ಷಾರಸ ಮುಟ್ಟುವ ಮೊದಲು ಯಾರ ಜೊತೆಗೂ ವೈಮನಸ್ಸು ಉಳಿದಿರಬಾರದು. ಅದಕ್ಕೆಂದೇ ಶನಿವಾರ ಸಂಜೆ ನಮ್ಮವರು ಓಣಿಯಲ್ಲಿ ಮನೆಮನೆಗೆ ಹೋಗಿ, ತಿಂಗಳಿಡೀ ಆಡಿದ ಒರಟು ಮಾತಿಗೆಲ್ಲ ತಪ್ಪಾಯಿತು ಎಂದು ಹೇಳಿ ಬರುವ ರೂಢಿ. ಅಕ್ಕಪಕ್ಕದ ಹಿಂದೂ ಮನೆಯವರಿಗೂ ಇದು ಅಭ್ಯಾಸವಾಗಿಬಿಟ್ಟಿದೆ. "ನಾಳಿ ಇವರದು ಪಾತ್ರಿ ಐತಿ. ಇವತ್ತ ಏನರ ಜಗಳ ಇದ್ರ ತೆಗೀರಿ, ಸಂಜೀಕ ತಾವೇ ಬಂದು ತಪ್ಪಾತು ಅಂತಾರ" ಎಂದು ಕಟ್ಟೆಯ ಮೇಲೆ ಕೂತು ನಗುತ್ತಾರೆ.

ಅವ್ವ ಓಣಿಯ ಎಲ್ಲ ಬಾಗಿಲಿಗೂ ಹೋಗಿ ಬರುತ್ತಿದ್ದಳು. ಆದರೂ ಭಾನುವಾರ ಪಾತ್ರೆ ಮುಟ್ಟುತ್ತಿರಲಿಲ್ಲ. ಪಾಸ್ಟರ್ ಅವಳ ಸಾಲಿಗೆ ಬಂದಾಗ ತಲೆ ತಗ್ಗಿಸಿ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು, ಅವರು ಮುಂದಕ್ಕೆ ಹೋಗುತ್ತಿದ್ದರು. ಎಂಟೊಂಬತ್ತು ವರ್ಷ ಹೀಗೇ ನಡೆಯಿತು. ಹೊಸದಾಗಿ ಸಭೆಗೆ ಬಂದವರು ಇವಳು ಏನೋ ದೊಡ್ಡ ಪಾಪ ಮಾಡಿರಬೇಕು ಎಂದು ಪಿಸುಗುಟ್ಟುತ್ತಿದ್ದರು.

ಕಾರಣ ಮಸ್ಕಿಯಲ್ಲಿತ್ತು. ಅವ್ವನಿಗೆ ಒಬ್ಬಳೇ ಅಕ್ಕ, ನನಗೆ ದೊಡ್ಡವ್ವ. ಅವರಿಬ್ಬರ ತಾಯಿ, ನನ್ನ ಅಜ್ಜಿ, ಕೊನೆಗಾಲದಲ್ಲಿ ನಮ್ಮ ಮನೆಯಲ್ಲಿದ್ದಾಗ ತಾನಾಗಿಯೇ ಕೇಳಿ ದೀಕ್ಷಾಸ್ನಾನ ತೆಗೆದುಕೊಂಡಿದ್ದಳು. ಆಮೇಲೆ ದೊಡ್ಡವ್ವನ ಮನೆಗೆಂದು ಮಸ್ಕಿಗೆ ಹೋದವಳು ಅಲ್ಲೇ ತೀರಿಕೊಂಡಳು. ನಾವು ಸುದ್ದಿ ತಿಳಿದು ಹೋಗುವಷ್ಟರಲ್ಲಿ ಅವರ ಪದ್ಧತಿಯಂತೆ ಅರಿಶಿನ ಕುಂಕುಮ ಹಚ್ಚಿ ಮಣ್ಣು ಮಾಡಿಬಿಟ್ಟಿದ್ದರು. ಅವ್ವ ಆ ಹಸಿ ಮಣ್ಣಿನ ಮುಂದೆ ನಿಂತು, ಬೀಗರು ಬಿಜ್ಜರು ಎಲ್ಲರೂ ಕೇಳುವಂತೆ ಅಕ್ಕನಿಗೆ ಹೇಳಿದಳು: "ಅವ್ವನ್ನ ನೀನೇ ನಿನ್ನ ಕೈಯಾರ ನರಕಕ್ಕ ಕಳಿಸಿದಿ."

ಅಜ್ಜಿಯ ಮಲ ಮೂತ್ರ ಬಳಿದವಳು ದೊಡ್ಡವ್ವ. ಕಡೆಯ ಗುಟುಕು ನೀರು ಹಾಕಿದವಳೂ ಅವಳೇ. ಆ ಮಾತು ಕೇಳಿ ಅವಳು ಎದ್ದು ಮನೆಯ ಕಡೆ ನಡೆದಳು. ಅಂದಿನಿಂದ ಇಬ್ಬರ ನಡುವೆ ಹೋಗುವುದಿಲ್ಲ, ಬರುವುದಿಲ್ಲ, ಮದುವೆ ಮುಂಜಿಗೆ ಕರೆಯುವುದೂ ಇಲ್ಲ.

ಸಿಟ್ಟು ಇಳಿದ ಮೇಲೆ ಅವ್ವನಿಗೆ ತಾನು ಏನು ಅಂದೆ ಎಂಬುದು ತಿಳಿಯಿತು. ಯಾರು ಎಲ್ಲಿಗೆ ಹೋಗುತ್ತಾರೆ ಎಂದು ತೀರ್ಪು ಕೊಡಲು ತಾನು ಯಾರು ಎಂದು ಒಬ್ಬಳೇ ಗೊಣಗಿಕೊಳ್ಳುವುದನ್ನು ಕೇಳಿದ್ದೇನೆ. ಎರಡು ಸಲ ತಪ್ಪು ಒಪ್ಪಿಕೊಳ್ಳಲೆಂದೇ ಮಸ್ಕಿಯ ಬಸ್ಸು ಹತ್ತಿದಳು. ಎರಡು ಸಲವೂ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಒಂದು ಚಹ ಕುಡಿದು, ಅಲ್ಲಿಂದಲೇ ವಾಪಸ್ಸು ಬಂದಳು. ಊರವರ ಬಟ್ಟಲನ್ನೆಲ್ಲ ಹೊತ್ತು ಮುಳುಗುವ ಮೊದಲು ಮುಟ್ಟಿಸುವವಳಿಗೆ ಒಡಹುಟ್ಟಿದವಳ ಬಾಗಿಲ ತನಕ ಹೋಗಲು ಕಾಲು ಬರಲಿಲ್ಲ.

ಹೋದ ವರ್ಷ ಸುಗ್ಗಿಯ ದಿನಗಳಲ್ಲಿ ಒಂದು ಮುಂಜಾನೆ ಅವ್ವ ರೊಟ್ಟಿ ಬಡಿಯುತ್ತಿದ್ದವಳು ನಿಲ್ಲಿಸಿದಳು. ನಾನು ಶಾಲೆಗೆ ಹೊರಡಲು ಸೀರೆ ಉಡುತ್ತಿದ್ದೆ. ಬಡಿಯುವ ಸಪ್ಪಳ ನಿಂತದ್ದು ನನ್ನ ಕಿವಿಗೆ ಬಿತ್ತು, ಏಕೆಂದರೆ ಆ ಹೊತ್ತಿನಲ್ಲಿ ಅದು ಎಂದೂ ನಿಲ್ಲುತ್ತಿರಲಿಲ್ಲ. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಾಳೆ. ಮೈಯೆಲ್ಲ ಬೆವರು, ಕುಬಸ ತೊಯ್ದುಹೋಗಿದೆ, ಹಿಟ್ಟಿನ ಕೈಯಲ್ಲೇ ಎದೆ ಒತ್ತಿಕೊಂಡಿದ್ದಾಳೆ.

"ಗ್ಯಾಸ್ ಆಗೇತಿ. ಒಂದೀಟು ಸೋಡಾ ತರಿಸು" ಎಂದಳು.

ನಾನು ಸೋಡಾ ತರಿಸಲಿಲ್ಲ, ಆಟೋ ತರಿಸಿದೆ. ಹತ್ತಿರದ ದವಾಖಾನೆಯ ಡಾಕ್ಟರು ಇ.ಸಿ.ಜಿ. ಪಟ್ಟಿ ನೋಡಿದವರೇ ಕುರ್ಚಿಯಿಂದ ಎದ್ದರು. ಒಂದು ಗುಳಿಗೆ ಅಗಿಯಲು ಕೊಟ್ಟು, ನನ್ನನ್ನು ಬಾಗಿಲ ಕಡೆ ಕರೆದರು. "ಹಾರ್ಟ್ ಅಟ್ಯಾಕ್ ಅದ. ರಕ್ತದ ಗಡ್ಡಿ ಕರಗಿಸೋ ಇಂಜೆಕ್ಷನ್ ಬೇಕು, ಅದು ನನ್ನ ಹತ್ರ ಇಲ್ಲ. ಸಿಂಧನೂರಿಗೆ ಒಯ್ಯಿರಿ. ಎಷ್ಟು ಲಗೂ ಹೋಗ್ತೀರಿ ಅಷ್ಟು ಚಲೋ. ಮಲಗಿಸಬ್ಯಾಡ್ರಿ, ಒರಗಿಸಿ ಕೂಡಿಸ್ರಿ. ಎಚ್ಚರ ತಪ್ಪದಂಗ ಮಾತಾಡಿಸ್ತಾ ಇರ್ರಿ" ಎಂದರು. ಆಂಬುಲೆನ್ಸು ಗುರುಗುಂಟಾದ ಕಡೆ ಹೋಗಿತ್ತು. ಕಾಯುವಷ್ಟು ಹೊತ್ತಿಲ್ಲ, ಎದುರಿಗೆ ಬಾಡಿಗೆ ಕಾರು ನಿಂತಿತ್ತು, ಅದರಲ್ಲೇ ಅವ್ವನನ್ನು ಹತ್ತಿಸಿದೆ.

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆ ಮಸ್ಕಿಯ ಮೇಲೆಯೇ ಹೋಗುತ್ತದೆ. ನನಗೆ ಅದು ಆಗ ಹೊಳೆಯಲೇ ಇಲ್ಲ. ಅವ್ವನಿಗೆ ಹೊಳೆದಿತ್ತು. ಊರು ದಾಟಿ ಜೋಳದ ಹೊಲಗಳು ಶುರುವಾಗುತ್ತಿದ್ದಂತೆ ನನ್ನ ಮೊಣಕೈ ಹಿಡಿದಳು.

"ಮಸ್ಕ್ಯಾಗ ನಿಲ್ಲಸು. ಅಕ್ಕನ ಮನಿಗೆ ಹೋಗಬೇಕು."

"ಏನಂದಿ? ಡಾಕ್ಟ್ರು ಏನ್ ಹೇಳ್ಯಾರ ಕೇಳಿಲ್ಲೇನು?"

"ಕೇಳೀನಿ. ಅದಕ್ಕ ಹೇಳಾಕತ್ತೀನಿ. ನಾ ಹಿಂಗ ಹೋಗಬಾರದು."

ದೊಡ್ಡವ್ವನ ಮನೆ ಗುಡ್ಡದ ಬುಡದ ಓಣಿಯಲ್ಲಿದೆ, ಕಾರು ಅಲ್ಲಿಗೆ ಹೋಗುವುದಿಲ್ಲ. ನಡೆದುಹೋಗಿ, ಅವಳನ್ನು ಎಬ್ಬಿಸಿ, ಒಪ್ಪಿಸಿ, ಕರೆದು ತರುವಷ್ಟರಲ್ಲಿ ಏನು ಬೇಕಾದರೂ ಆಗಬಹುದಿತ್ತು. ನಿಲ್ಲಿಸಿದರೆ ಅವ್ವನ ಜೀವ ಹೋದೀತು. ನಿಲ್ಲಿಸದೆ ಜೀವ ಹೋದರೆ, ಇಷ್ಟು ವರ್ಷ ಯಾವುದಕ್ಕೆ ಅಣಿಯಾಗುತ್ತ ಬಂದಳೋ ಅದೇ ಗಳಿಗೆಗೆ ಅಣಿಯಿಲ್ಲದೆ ಹೋದಂತೆ. ನನಗೆ ಸಿಟ್ಟು ಬಂತು. ನಾನು ಹೆದರಿದಾಗೆಲ್ಲ ಬೈಯುವವಳು.

"ಫೋನ್ ಹಚ್ಚಿ ಕೊಡ್ತೀನಿ, ಏನ್ ಹೇಳೋದೈತಿ ಅದರಾಗ ಹೇಳು."

"ಫೋನಿನ್ಯಾಗ ಅಲ್ಲ. ಅವತ್ತ ಮುಖಾ ನೋಡಿ ಅಂದೀನಿ. ಮುಖಾ ನೋಡೇ ಕೇಳಬೇಕು."

ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿದ. "ಮೇಡಂ, ನೀವು ಹೇಳ್ರಿ. ನಿಲ್ಲಸ್ಲೋ ಬ್ಯಾಡೋ?" ನಾನು ದೊಡ್ಡವ್ವನ ನಂಬರು ಹುಡುಕಿದೆ. ಅಷ್ಟು ವರ್ಷ ಹಚ್ಚದಿದ್ದರೂ ಅಳಿಸಿರಲಿಲ್ಲ. ಎತ್ತಿದವಳು ಅವಳೇ. ನಾನು ಕೂಗಿಯೇ ಹೇಳಿದೆ: ಅವ್ವನಿಗೆ ಹಾರ್ಟ್ ಅಟ್ಯಾಕ್ ಆಗಿದೆ, ಸಿಂಧನೂರಿಗೆ ಒಯ್ಯುತ್ತಿದ್ದೇನೆ, ನಿನ್ನ ಮುಖ ನೋಡಬೇಕಂತೆ, ಮೇನ್ ರೋಡಿನ ಪೆಟ್ರೋಲ್ ಬಂಕಿನ ಮುಂದೆ ಬಂದು ನಿಲ್ಲು, ನಿಂತಿದ್ದರೆ ನಿಲ್ಲಿಸುತ್ತೇನೆ, ಇಲ್ಲದಿದ್ದರೆ ಕಾಯುವುದಿಲ್ಲ. ಅತ್ತಲಿಂದ ಹೂಂ ಇಲ್ಲ, ಉಹೂಂ ಇಲ್ಲ. ಫೋನು ಕಟ್ಟಾಯಿತು.

"ಏನಂದ್ಲು?" ಅವ್ವ ಕೇಳಿದಳು.

"ಬರ್ತಾಳಂತ" ಎಂದು ಸುಳ್ಳು ಹೇಳಿದೆ.

ಮುಂದೆ ಭತ್ತ ಕೊಯ್ಯುವ ಮಷೀನೊಂದು ಇಡೀ ರಸ್ತೆ ಹಿಡಿದುಕೊಂಡು ಹೊರಟಿತ್ತು. ಕಾಲುವೆ ಸೀಮೆಗೆ ಹೋಗುವ ಮಷೀನು, ಅದಕ್ಕೇನು ಅವಸರ. ಡ್ರೈವರು ಹಾರ್ನು ಒತ್ತಿಯೇ ಒತ್ತಿದ. ಅವ್ವನ ಕಣ್ಣು ಮುಚ್ಚತೊಡಗಿದವು, ನಾನು ಕೆನ್ನೆ ತಟ್ಟಿ ಎಬ್ಬಿಸಿದೆ, ತುಟಿ ಬಿಳಿಚಿಕೊಂಡಿದ್ದವು. "ಎಚ್ಚರ ಇರಬೇಕು, ಎಚ್ಚರ ಇರಬೇಕು ಅಂತ ನನಗ ದಿನಾ ಹೇಳ್ತಿದ್ದಿಯಲ್ಲ, ಈಗ ಕಣ್ಣ ತೆಗಿ" ಎಂದು ಗದರಿದೆ. ಅವಳು ಕಣ್ಣು ತೆರೆದು, ಈ ಮಾತಿಗೂ ಇದು ಹೊತ್ತೇ ಎನ್ನುವ ಹಾಗೆ ನನ್ನನ್ನು ನೋಡಿದಳು.

ಮಸ್ಕಿ ಬಂತು. ಬಂಕಿನ ಮುಂದೆ ಲಾರಿಗಳಿದ್ದವು, ಬೈಕುಗಳಿದ್ದವು, ಹತ್ತಿಯ ಚೀಲ ಹೇರಿದ ಟ್ರ್ಯಾಕ್ಟರು ಇತ್ತು. ದೊಡ್ಡವ್ವ ಕಾಣಲಿಲ್ಲ. ಡ್ರೈವರು ವೇಗ ತಗ್ಗಿಸಿದ. ಅವ್ವ ಸೀಟಿನಿಂದ ಮುಂದಕ್ಕೆ ಬಾಗಿ ಕಿಟಕಿಗೆ ಮುಖ ಹಚ್ಚಿದ್ದಳು. ಇನ್ನು ಹೊತ್ತು ಕಳೆಯುವುದು ಬೇಡ ಎಂದು "ನಡೀರಿ" ಎಂದೆ. ಆ ಮಾತು ನನ್ನ ಬಾಯಿಂದ ಹೊರಟದ್ದು ನನಗೇ ಕೇಳಿಸಿ ಮೈ ತಣ್ಣಗಾಯಿತು.

ಅಷ್ಟರಲ್ಲಿ ಟ್ರ್ಯಾಕ್ಟರಿನ ಹಿಂದಿನಿಂದ ದೊಡ್ಡವ್ವ ರಸ್ತೆಯ ನಡುವಿಗೇ ಬಂದು ಕಾರಿಗೆ ಅಡ್ಡ ನಿಂತಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಓಡಿ ಬಂದು ಏದುಸಿರು ಬಿಡುತ್ತಿದ್ದಳು. ಬಾಗಿಲು ತೆರೆದು, ಯಾರನ್ನೂ ಕೇಳದೆ, ಅವ್ವನ ಪಕ್ಕ ಹತ್ತಿ ಕೂತಳು. "ನಡಿಯೋ ತಮ್ಮ" ಎಂದು ಡ್ರೈವರಿಗೆ ಹೇಳಿದಳು.

ಕಾರು ಊರು ದಾಟಿತು. ಅವ್ವ ತನ್ನ ಅಕ್ಕನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಉಸಿರು ಕೂಡಿಸಿಕೊಂಡು ಹೇಳಿದಳು, "ಅಕ್ಕ, ಅವತ್ತ ಅವ್ವನ ಮಣ್ಣಿನ ಮುಂದ ನಾ ಅಂದದ್ದು ತಪ್ಪು. ಅಂಥಾ ಮಾತು ಅನ್ನಾಕ ನಾ ಯಾರು. ಮಾಫ್ ಮಾಡು."

ಇನ್ನೇನು, ಮುಗಿಯಿತು ಎಂದುಕೊಂಡೆ. ಯಾರಾದರೂ ಆ ಹೊತ್ತಿನಲ್ಲಿ ಆಡುವುದು ಒಂದೇ ಮಾತು.

"ಮಾಡಂಗಿಲ್ಲ" ಎಂದಳು ದೊಡ್ಡವ್ವ.

ಡ್ರೈವರು ಸ್ಟೇರಿಂಗು ಹಿಡಿದಂತೆಯೇ ಅರ್ಧ ತಿರುಗಿ ನೋಡಿದ. ನನಗೆ ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ಅವ್ವ ಮತ್ತೆ ಹೇಳಿದಳು, ಈ ಸಲ ಕೈ ಜೋಡಿಸಿ. ದೊಡ್ಡವ್ವ ಆ ಜೋಡಿಸಿದ ಕೈಗಳನ್ನು ಬಿಡಿಸಿ ಕೆಳಗಿಟ್ಟಳು.

"ಸಾಯಾಕ ಹೊಂಟಾಗ ನೆನಪಾದ್ನೇನು ನಾನು? ಇಷ್ಟು ದಿನ ಎಲ್ಲಿದ್ದಿ?"

"ಎರಡ ಸಲ ಬಂದಿದ್ನಿ."

"ಬಸ್ ಸ್ಟ್ಯಾಂಡಿಗೆ ಬಂದು ಚಾ ಕುಡದು ಹೋದ್ರ ಬಂದಂಗೇನು? ಚಾದ ಅಂಗಡ್ಯಾಂವ ಹೇಳಿದ, ನಿನ್ನ ತಂಗಿ ಬಂದಾಳ ಅಂತ. ಅವತ್ತ ಬಾಗ್ಲಾ ತಗದು ಕುಂತಿದ್ನಿ. ಒಲಿ ಮ್ಯಾಲ ಬ್ಯಾಳಿ ಇಟ್ಟಿದ್ನಿ. ಕತ್ತಲಾದ ಮ್ಯಾಲೂ ಬಾಗ್ಲಾ ಹಾಕಿಲ್ಲ ನಾ."

"ಕಾಲು ಬರಲಿಲ್ಲ."

"ನನ್ನ ಬೈಯಾಕ ಮಾತ್ರ ಬಾಯಿ ಬಂತು."

ಅವ್ವನ ಮುಖಕ್ಕೆ ರಕ್ತ ಏರಿತು. "ಮಣ್ಣು ಮಾಡಾಕ ಅಷ್ಟು ಗಡಬಿಡಿ ಏನಿತ್ತು ನಿನಗ? ಒಂದು ತಾಸು ನನಗ ಕಾದಿದ್ರ?" ಎಂದಳು. ಅಲ್ಲಿಂದ ಸಿಂಧನೂರಿನ ತನಕ ಅಕ್ಕ ತಂಗಿ ಇಬ್ಬರೂ ಜಗಳವಾಡಿದರು. ಅಜ್ಜಿಯ ಮಣ್ಣಿನಿಂದ ಶುರುವಾದದ್ದು, ಬಾಲ್ಯದಲ್ಲಿ ಯಾರು ಹೆಚ್ಚು ಕೊಡ ನೀರು ಹೊತ್ತರು ಎಂಬಲ್ಲಿಗೆ ಹೋಯಿತು. ಅವ್ವನಿಗೆ ಪೂರಾ ಮಾತಾಡಲು ಉಸಿರು ಸಾಲುತ್ತಿರಲಿಲ್ಲ, ಆದರೂ ಒಂದೊಂದು ಮಾತು ಬಿಡಿಬಿಡಿಯಾಗಿ ಎಸೆಯುತ್ತಿದ್ದಳು. ಎರಡೂ ಬದಿಗೆ ಗದ್ದೆಗಳು ಬಂದವು, ಕಾಲುವೆ ಬಂತು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಆ ಹೆಂಗಸನ್ನು ಕಾರಿನಿಂದ ಇಳಿಸಿಬಿಡಬೇಕು ಎನ್ನುವಷ್ಟು ದ್ವೇಷ ನನ್ನೊಳಗೆ ಹುಟ್ಟಿತ್ತು.

ಆಸ್ಪತ್ರೆಯಲ್ಲಿ ಅವ್ವನನ್ನು ಸ್ಟ್ರೆಚರಿನ ಮೇಲೆ ಒಳಗೆ ಒಯ್ದರು. ಗಾಜಿನ ಬಾಗಿಲು ಮುಚ್ಚುವ ಮುಂಚೆ ಅವಳು ತಲೆ ಎತ್ತಿ ದೊಡ್ಡವ್ವನನ್ನೇ ನೋಡಿದಳು. ದೊಡ್ಡವ್ವ ಮುಖ ತಿರುಗಿಸಿದಳು. ಬಾಗಿಲು ಮುಚ್ಚಿತು.

ನನಗೆ ತಡೆಯಲಾಗಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ನೋಡುವಂತೆ ಕೇಳಿಯೇಬಿಟ್ಟೆ. "ಒಂದು ಮಾತು ಅನ್ನಾಕ ಏನಾಗಿತ್ತು ನಿನಗ, ದೊಡ್ಡವ್ವ? ಸುಳ್ಳ ಆದ್ರೂ ಅನ್ನಬೇಕಿತ್ತಿಲ್ಲ?"

ದೊಡ್ಡವ್ವ ಗೋಡೆಗೆ ಒರಗಿ ನೆಲದ ಮೇಲೆ ಕುಸಿದಳು.

"ಅಂದಿದ್ರ ಅಕಿ ಹೋಗಿಬಿಡ್ತಿದ್ಲು" ಎಂದಳು. "ನಿನಗ ಗೊತ್ತಿಲ್ಲ. ಅಕಿ ಸಣ್ಣಾಕಿ ಇದ್ದಾಗಿಂದ ಹಂಗ. ಎಲ್ಲಾ ಕೆಲಸ ಮುಗದ್ರ ತಲಿ ಇಟ್ಟ ಕೂಡ್ಲೇ ನಿದ್ದಿ. ಒಂದು ಕೆಲಸ ಬಾಕಿ ಉಳದ್ರ ಬೆಳಗಾಗೋ ತನಕ ಕಣ್ಣ ತಕ್ಕೊಂಡು ಬಿದ್ದಿರಾಕಿ. ಫೋನಿನ್ಯಾಗ ನೀ ಹೇಳಿದ್ಯಲ್ಲ, ಮುಖಾ ನೋಡಬೇಕಂತ. ಆವಾಗ್ಲೇ ತಿಳೀತು ನನಗ. ಅಕಿ ತಯಾರ ಆಗಾಕತ್ಯಾಳ. ನಾ ಹೂಂ ಅಂದ್ರ ಅಕಿದು ಎಲ್ಲಾ ಮುಗದಂಗ."

ಅವ್ವ ಸಿಟ್ಟಿಗೆದ್ದದ್ದು, ಮುಖಕ್ಕೆ ರಕ್ತ ಬಂದದ್ದು, ಅಷ್ಟು ದೂರ ಎಚ್ಚರ ತಪ್ಪದೆ ಬಂದದ್ದು ಎಲ್ಲ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಬೇರೊಂದು ಯೋಚನೆಯೂ ಬಂತು, ಅದನ್ನು ಕೇಳದೆ ಇರಲು ಆಗಲಿಲ್ಲ.

"ಒಳಗ ಹೆಚ್ಚು ಕಡಿಮಿ ಆದ್ರ?"

ದೊಡ್ಡವ್ವ ಬಾಗಿಲನ್ನೇ ನೋಡುತ್ತಿದ್ದಳು. ತಾನು ಏನನ್ನು ಪಣಕ್ಕೆ ಇಟ್ಟಿದ್ದೇನೆ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಮೇಲೆ ಕೇಳಿದಳು, "ನೀವು ಪ್ರಾರ್ಥನಾ ಮಾಡ್ತೀರಲ್ಲ, ಮಾಡಂಗಿಲ್ಲೇನು ನೀ?"

"ಕಣ್ಣ ಮುಚ್ಚಾಕ ಹೆದರಿಕಿ ಆಗಾಕತ್ತೇತಿ ದೊಡ್ಡವ್ವ. ಮುಚ್ಚಿದಾಗ ಬಾಗ್ಲಾ ತಗದ್ರ?"

"ಕಣ್ಣ ತಕ್ಕೊಂಡು ಮಾಡಿದ್ರ ನಡಿಯಂಗಿಲ್ಲೇನು?"

ನಡೆಯುತ್ತದೆ ಎಂದೆ. ಅವಳ ಪಕ್ಕ ನೆಲದ ಮೇಲೆ ಕೂತೆ. ಭಾನುವಾರ ಸಭೆಯಲ್ಲಿ ಕಣ್ಣು ಮುಚ್ಚಿ ನಿಂತಾಗ ನನ್ನ ಮನಸ್ಸು ಸಂತೆಯ ಕಾಯಿಪಲ್ಲೆಯ ಮೇಲೆ ಓಡುತ್ತಿರುತ್ತದೆ. ಅಂದು ಕಣ್ಣು ಬಿಟ್ಟುಕೊಂಡು ಆ ಗಾಜಿನ ಬಾಗಿಲನ್ನು ನೋಡುತ್ತ ಕೂತಾಗ ಮನಸ್ಸು ಒಂದು ಎಳೆಯಷ್ಟೂ ಅತ್ತಿತ್ತ ಹೋಗಲಿಲ್ಲ. ಅವ್ವ ಇಷ್ಟು ವರ್ಷ ಹೇಳುತ್ತಿದ್ದ ಎಚ್ಚರ ಇದೇ ಇರಬೇಕು ಅನ್ನಿಸಿತು. ಅದು ಇಷ್ಟು ಭಯದ್ದು ಎಂದು ಗೊತ್ತಿರಲಿಲ್ಲ.

"ನಿಮ್ಮ ದೇವರಿಗೆ ಹೇಳು" ದೊಡ್ಡವ್ವ ಪಿಸುಗುಟ್ಟಿದಳು, "ಅಕಿದು ಇನ್ನೊಂದು ಕೆಲಸ ಬಾಕಿ ಐತಿ ಅಂತ."

ಅದನ್ನೇ ಹೇಳಿದೆ. ಬೇರೆ ಯಾವ ಮಾತೂ ನನಗೆ ಹೊಳೆಯಲಿಲ್ಲ.

ಮಧ್ಯಾಹ್ನ ಡಾಕ್ಟರು ಹೊರಗೆ ಬಂದರು. ಇಂಜೆಕ್ಷನ್ ಕೆಲಸ ಮಾಡಿದೆ, ರಕ್ತ ಹರಿಯುತ್ತಿದೆ, ಆದರೆ ನಾಳೆಯ ತನಕ ಏನೂ ಹೇಳಲು ಬರುವುದಿಲ್ಲ ಎಂದರು. ಒಬ್ಬೊಬ್ಬರಾಗಿ ಒಂದು ನಿಮಿಷ ನೋಡಿ ಬರಬಹುದು ಎಂದರು. ನಾವಿಬ್ಬರೂ ಒಟ್ಟಿಗೇ ಒಳಗೆ ನುಗ್ಗಿದೆವು, ನರ್ಸಮ್ಮ ಬೈಯಲು ಬಾಯಿ ತೆರೆದವಳು ದೊಡ್ಡವ್ವನ ಮುಖ ನೋಡಿ ಸುಮ್ಮನಾದಳು.

ಅವ್ವ ಕಣ್ಣು ತೆರೆದೇ ಇದ್ದಳು. ಮೈತುಂಬ ವಾಯರು, ತಲೆಯ ಪಕ್ಕದಲ್ಲಿ ಹಸಿರು ಗೆರೆ ಏರಿಳಿಯುವ ಮಷೀನು. ಅಕ್ಕನನ್ನು ನೋಡಿದಳು. ಮತ್ತೆ ಕೇಳುತ್ತಾಳೆ ಎಂದು ನಾನು ಕಾದೆ, ದೊಡ್ಡವ್ವನೂ ಕಾದಳು, ಮತ್ತೊಮ್ಮೆ ಇಲ್ಲ ಎನ್ನಲು ಸೆರಗು ಬಿಗಿದುಕೊಂಡು ನಿಂತಿದ್ದಳು. ಅವ್ವ ಕೇಳಲಿಲ್ಲ. ಕೇಳುವಷ್ಟನ್ನು ಕೇಳಿದ್ದಾಗಿತ್ತು. ಅವಳ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು, ವಾಯರು ಕಟ್ಟಿದ ಕೈಯಿಂದ ಅದನ್ನು ಒರೆಸಿಕೊಳ್ಳಲು ಅವಳಿಗೆ ಆಗಲಿಲ್ಲ.

ದೊಡ್ಡವ್ವ ತನ್ನ ಸೆರಗಿನಿಂದ ಒರೆಸಿದಳು. ಒರೆಸುತ್ತ ಒರೆಸುತ್ತ ಅವಳ ಗಟ್ಟಿತನವೆಲ್ಲ ಬಿಟ್ಟುಹೋಯಿತು. ಹೇಳದೆ ಇದ್ದರೆ, ನಾಳೆಯ ಒಳಗೆ ತಂಗಿ ಹೋಗಿಬಿಟ್ಟರೆ, ಆ ಒಂದು ಮಾತಿಲ್ಲದೆ ಹೋಗುತ್ತಾಳೆ. ಹೇಳಿದರೆ, ಹೇಳಿದ್ದಕ್ಕೇ ಹೋಗಿಬಿಟ್ಟರೆ. ಇವೆರಡರ ನಡುವೆ ಅವಳು ಒದ್ದಾಡುವುದು ನನಗೆ ಕಾಣುತ್ತಿತ್ತು, ನನ್ನ ಕೈಯಲ್ಲಿ ಏನೂ ಇರಲಿಲ್ಲ.

"ಮಾಫ್ ಮಾಡೀನಿ" ಎಂದಳು ಕೊನೆಗೆ, ತಂಗಿಯ ಕಿವಿಯ ಹತ್ತಿರ ಬಾಗಿ. "ಬಾಗ್ಲಾ ತಗದು ಕುಂತಾಗೇ ಮಾಡಿದ್ನಿ."

ಅವ್ವ ಉದ್ದಕ್ಕೆ ಒಂದು ಉಸಿರು ಬಿಟ್ಟು ಕಣ್ಣು ಮುಚ್ಚಿದಳು.

ನಾನು ಮಷೀನು ನೋಡಿದೆ. ಹಸಿರು ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಅದು ಅವ್ವನದೇ ಗೆರೆಯೋ, ಮಷೀನು ತಾನಾಗಿ ಬರೆಯುತ್ತಿದೆಯೋ ಎಂಬ ಹುಚ್ಚು ಅನುಮಾನ ಬಂದು ಅವಳ ಎದೆಯ ಮೇಲಿನ ಹೊದಿಕೆ ನೋಡಿದೆ. ಅಲುಗಿದಂತೆ ಕಂಡಿತು, ಅಲುಗದಂತೆಯೂ ಕಂಡಿತು. ನರ್ಸಮ್ಮ ಹೊರಗೆ ನಡೆಯಿರಿ ಎನ್ನುತ್ತಿದ್ದಳು, ನಾವಿಬ್ಬರೂ ಕದಲಲಿಲ್ಲ. ದೊಡ್ಡವ್ವ ಮೆಲ್ಲಗೆ ಕೈ ಚಾಚಿ ತಂಗಿಯ ಮೂಗಿನ ಕೆಳಗೆ ಬೆರಳು ಹಿಡಿದಳು.

"ಇನ್ನೂ ಇದ್ದೀನಿ ಅಕ್ಕ" ಎಂದಳು ಅವ್ವ, ಕಣ್ಣು ತೆರೆಯದೆ. "ಬೆರಳು ತಗಿ, ಮಲಗ್ತೀನಿ."

ದೊಡ್ಡವ್ವ ಬೆರಳು ತೆಗೆಯಲಿಲ್ಲ.